ಕಿಮೋದಿಂದ ವೀರ್ಯಕ್ಕೆ ಆಗುವ ಹಾನಿಯನ್ನು ಅರಿಶಿನ ತಡೆಯುತ್ತಾ?

ಕಲಬುರಗಿಯಲ್ಲಿ ತಮ್ಮನಿಗೆ ಕಿಮೋ (ಕ್ಯಾನ್ಸರ್‌ಗೆ ಕೊಡುವ ಔಷಧ ಚಿಕಿತ್ಸೆ) ಶುರುವಾಗಲಿದೆ, ಅರಿಶಿನದ ಕ್ಯಾಪ್ಸೂಲ್ ಕೊಟ್ಟರೆ ಮುಂದೆ ಮಕ್ಕಳಾಗಲು ತೊಂದರೆ ಆಗಲ್ಲ ಅಲ್ವಾ ಅಂತ ಕೇಳಿದ್ದೀರಿ. ದಯವಿಟ್ಟು ಅದೊಂದನ್ನೇ ನಂಬಿ ಕೂರಬೇಡಿ.

ಸೈಕ್ಲೋಫಾಸ್ಫಮೈಡ್, ಸಿಸ್‌ಪ್ಲಾಟಿನ್ ಥರದ ಕಿಮೋ ಔಷಧಗಳು ಬೇಗ ಬೇಗ ಹೆಚ್ಚುವ ಜೀವಕೋಶಗಳನ್ನು ಕೊಲ್ಲುತ್ತವೆ. ವೃಷಣದಲ್ಲಿ ವೀರ್ಯಾಣು ತಯಾರಿಸುವ ಕೋಶಗಳೂ ಅಂಥವೇ. ಜೊತೆಗೆ ಆಕ್ಸಿಡೇಟಿವ್ ಒತ್ತಡವೂ, ಅಂದರೆ ದೇಹದೊಳಗೆ ಹುಟ್ಟುವ ಕೆಲವು ಅಣುಗಳು ಜೀವಕೋಶಗಳಿಗೆ ಮಾಡುವ ಹಾನಿಯೂ, ಜಾಸ್ತಿಯಾಗುತ್ತದೆ. ಅರಿಶಿನದ ಕರ್ಕ್ಯುಮಿನ್, ಉಳ್ಳಾಗಡ್ಡಿಯ ಕ್ವೆರ್ಸೆಟಿನ್ ಇಲಿಗಳಲ್ಲಿ ಈ ಒತ್ತಡ ಇಳಿಸಿ ವೀರ್ಯಾಣುಗಳನ್ನು ಒಂದಿಷ್ಟು ಕಾಪಾಡಿವೆ, ನಿಜ. ಮನುಷ್ಯರಲ್ಲಿ ಅಂಥ ಗಟ್ಟಿ ಪುರಾವೆ ಇಲ್ಲ. ಮೇಲಾಗಿ ಕ್ಯಾಪ್ಸೂಲ್ ಕಿಮೋ ಕೆಲಸಕ್ಕೇ ಅಡ್ಡ ಬರಬಹುದು. ಬ್ಯಾಳಿ, ಪಲ್ಯಕ್ಕೆ ಹಾಕುವ ಅರಿಶಿನಕ್ಕೆ ಚಿಂತೆ ಬೇಡ.

ಮೊದಲ ಡೋಸ್‌ಗೆ ಮುಂಚೆಯೇ ವೀರ್ಯ ಫ್ರೀಜ್ ಮಾಡಿಸಿ. ದ್ರವ ನೈಟ್ರೋಜನ್‌ನಲ್ಲಿ, ಮೈನಸ್ 196 ಡಿಗ್ರಿಯಲ್ಲಿ, ಅದು ವರ್ಷಗಟ್ಟಲೆ ಉಳಿಯುತ್ತದೆ. ನಾಚಿಕೆ ಬಿಟ್ಟು ಇವತ್ತೇ ಡಾಕ್ಟರ್ ಹತ್ತಿರ ಮಾತಾಡಿ.