ಉಪ್ಪಿಗೆ ವಾಸನೆ ಇಲ್ಲ ಅಂತ ಕೆಂಪು ಶಾಯಿಯಲ್ಲಿ ಬರೆದವನ ಉತ್ತರ

ಮೇಡಂ, ನಿಮ್ಮ ಎಂಟನೇ ಕ್ಲಾಸಿನ ಮಕ್ಕಳು ಏನು ಬರೆಯೋಕೆ ಕೊಟ್ಟರೂ 'ಸುಂದರವಾಗಿತ್ತು' ಅಂತ ಮುಗಿಸುತ್ತಾರೆ. ಅದಕ್ಕೆ ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ ಅಂತ ಐದು ಕಾಲಂ ಚಾರ್ಟ್ ಮಾಡಿ ಪದಪಟ್ಟಿ ಕೊಡಬೇಕು ಅಂತಿದ್ದೀರಿ, ಒಳ್ಳೆ ಪಟ್ಟಿ ಇದ್ದರೆ ಕಳಿಸಿ ಅಂತಲೂ ಕೇಳಿದ್ದೀರಿ. ಪಟ್ಟಿ ನನ್ನ ಹತ್ತಿರ ಇದೆ. ಕಳಿಸಲ್ಲ.

ನಾನು ದಾವಣಗೆರೆಯಲ್ಲಿ ಹೈಸ್ಕೂಲ್ ಕನ್ನಡ ಮೇಷ್ಟ್ರು. 2018ರಲ್ಲಿ ಒಂಬತ್ತನೇ ಕ್ಲಾಸಿಗೆ ಇದೇ ಚಾರ್ಟ್ ಮಾಡಿದ್ದೆ. ಎರಡು ಡ್ರಾಯಿಂಗ್ ಶೀಟ್ ಅಂಟಿಸಿ, ಐದು ಬಣ್ಣದ ಸ್ಕೆಚ್ ಪೆನ್ನಲ್ಲಿ ಎರಡು ರಾತ್ರಿ ಕೂತು ಬರೆದದ್ದು. ಮೂಗಿನ ಕೆಳಗೆ ಕಂಪು, ಸೌರಭ, ಸುವಾಸನೆ, ಘಮಲು. ಕಿವಿಯ ಕೆಳಗೆ ನಿನಾದ, ಕಲರವ, ಇಂಚರ, ಝೇಂಕಾರ. ಚರ್ಮಕ್ಕೆ ಮೃದು, ನುಣುಪು, ತಂಪು. ನಾಲಿಗೆಗೆ ಆರು ರುಚಿ. ಕಣ್ಣಿನ ಕಾಲಂ ಅಂತೂ ಜಾಗ ಸಾಲದೆ ಪಕ್ಕದ ಕಾಲಂಗೆ ಹರಿದಿತ್ತು. ಒಂದು ನಿಯಮವನ್ನೂ ಮಾಡಿದ್ದೆ: ಪ್ರತಿ ಪ್ರಬಂಧದಲ್ಲಿ ಐದೂ ಇಂದ್ರಿಯ ಬರಬೇಕು, ಒಂದಕ್ಕೆ ಎರಡು ಅಂಕ, ಒಟ್ಟು ಹತ್ತು. ತಿದ್ದೋಕೂ ಸುಲಭ ಅಲ್ವಾ? ಟಿಕ್, ಟಿಕ್, ಟಿಕ್.

ಮೊದಲ ಪ್ರಬಂಧ 'ನಾನು ಕಂಡ ಜಾತ್ರೆ'. ಎರಡು ವರ್ಷಕ್ಕೊಮ್ಮೆ ಬರುವ, ನಮ್ಮೂರ ದೇವತೆ ದುಗ್ಗಮ್ಮನ ಜಾತ್ರೆ ಆ ವರ್ಷ ಆಗಿತ್ತು. ಆ ದಿನಗಳಲ್ಲಿ ನಮ್ಮೂರಿನ ಗಾಳಿ ಹೇಗಿರುತ್ತೆ ಅಂತ ದಾವಣಗೆರೆಯವರಿಗೆ ಹೇಳಬೇಕಿಲ್ಲ. ಬೇವಿನ ಸೊಪ್ಪು, ಕುರಿ, ಮಸಾಲೆ ಅರೆಯುವ ಘಾಟು, ಮಿರ್ಚಿ ಬಾಣಲೆಯ ಎಣ್ಣೆ, ಮನೆ ತುಂಬ ನೆಂಟರು, ಅವರ ಚಪ್ಪಲಿ. 42 ನೋಟ್‌ಬುಕ್ ಬಂದವು. ಮೂವತ್ತಕ್ಕೂ ಜಾಸ್ತಿ ಪುಸ್ತಕಗಳಲ್ಲಿ 'ಮಲ್ಲಿಗೆಯ ಕಂಪು' ಇತ್ತು, ಮಕ್ಕಳು ಅಳುವುದು, ಪೀಪಿ, ತಮಟೆ ಎಲ್ಲಾ 'ಇಂಪಾದ ನಿನಾದ' ಆಗಿತ್ತು. ಒಬ್ಬ ಹುಡುಗ ಖಾರ ಮಂಡಕ್ಕಿಯನ್ನು ಜೇನಿನಂತೆ ಸಿಹಿ ಮಾಡಿದ್ದ. ಒಬ್ಬಳು ಅಜ್ಜಿಯ ಕೈ ಹಿಡಿದು ಜಾತ್ರೆಗೆ ಹೋದೆ, ಅಜ್ಜಿಯ ಕೈ ರೇಷ್ಮೆಯಂತೆ ಮೃದುವಾಗಿತ್ತು ಅಂತ ಬರೆದಿದ್ದಳು. ಆ ಅಜ್ಜಿ ಕೂಲಿಗೆ ಹೋಗುವವರು, ನನಗೆ ಗೊತ್ತು. ಕರೆದು ಕೇಳಿದೆ, ಹೌದೇನವ್ವಾ? "ಇಲ್ಲ ಸಾರ್, ಉಪ್ಪುಕಾಗದ ಇದ್ದಂಗೈತಿ. ಚಾರ್ಟಿನಾಗೆ ಒರಟು ಅಂತ ಇರ್ಲಿಲ್ಲ."

ಅಲ್ಲಿಗೇ ಬುದ್ಧಿ ಬರಬೇಕಿತ್ತು. ನಾನು ಮಾಡಿದ್ದೇನು? ಚರ್ಮದ ಕಾಲಂನಲ್ಲಿ 'ಒರಟು' ಸೇರಿಸಿದೆ.

ಎರಡನೇ ಪ್ರಬಂಧ 'ನಮ್ಮ ಮನೆಯ ಬೆಳಗು'. ಕ್ಲಾಸಲ್ಲಿ ಒಬ್ಬ ಹುಡುಗ ಇದ್ದ, ಮನೆಮಾತು ಉರ್ದು, ಅಪ್ಪನಿಗೆ ಮಂಡಕ್ಕಿ ಭಟ್ಟಿಯಲ್ಲಿ, ಅಂದರೆ ಕಾದ ಮರಳಲ್ಲಿ ಅಕ್ಕಿ ಹುರಿದು ಮಂಡಕ್ಕಿ ಮಾಡುವ ಕಡೆ ಕೆಲಸ. ಭಟ್ಟಿ ಕೆಲಸ ರಾತ್ರಿಯೇ ಶುರು, ಬೆಳಗಾಗುವಷ್ಟರಲ್ಲಿ ಮನೆಗೆ. ಹುಡುಗ ಎಂಟು ಸಾಲು ಬರೆದಿದ್ದ ಅಷ್ಟೇ. ಅದರಲ್ಲಿ ಮೂರು ಸಾಲು ಇವತ್ತಿಗೂ ಬಾಯಿಪಾಠ: 'ನಮ್ಮಪ್ಪ ಬೆಳಿಗ್ಗೆ ಬಂದು ನನ್ನ ಪಕ್ಕ ಮಲಗುತ್ತಾರೆ. ಹಾಸಿಗೆಯಲ್ಲಿ ಮರಳು ಚರಚರ ಅನ್ನುತ್ತದೆ. ಅಪ್ಪನ ಬನಿಯನ್ನಿಂದ ಉಪ್ಪಿನ ವಾಸನೆ ಬಂದರೆ ನನಗೆ ಎಚ್ಚರ ಆಗುತ್ತದೆ.'

ಕೆಂಪು ಪೆನ್ನಲ್ಲಿ 'ಉಪ್ಪಿನ ವಾಸನೆ'ಗೆ ಸುತ್ತು ಹಾಕಿದೆ. ಪಕ್ಕದಲ್ಲಿ ಬರೆದೆ: 'ಉಪ್ಪಿಗೆ ವಾಸನೆ ಇಲ್ಲ. ರುಚಿ ಮಾತ್ರ. ನಾಲಿಗೆ ಕಾಲಂ ನೋಡು.' ಮೂಗಿನ ಎರಡು ಅಂಕ ಕಿತ್ತುಕೊಂಡೆ. 'ಚರಚರ' ಕಿವಿಗೆ ಟಿಕ್ ಆಯಿತು.

ಅಷ್ಟಕ್ಕೇ ನಿಂತಿದ್ದರೂ ಪರವಾಗಿರಲಿಲ್ಲ. ಮರುದಿನ ಕ್ಲಾಸಲ್ಲಿ, ಹೆಸರು ಹೇಳದೆ, ಈ ಸಾಲುಗಳನ್ನು ಓದಿ ಇದರಲ್ಲಿ ಏನು ತಪ್ಪಿದೆ ಅಂತ ಕೇಳಿದೆ. ಹೆಸರು ಹೇಳಲಿಲ್ಲ ಅನ್ನೋದು ನನ್ನ ದೊಡ್ಡಸ್ತಿಕೆ! ಬನಿಯನ್ನು, ಮರಳು ಅಂದ ಮೇಲೆ ಯಾರು ಅಂತ ಎಲ್ಲರಿಗೂ ಗೊತ್ತಾಯಿತು. ನಕ್ಕರು. ವಾರ ಕಳೆಯೋದರೊಳಗೆ ಅವನಿಗೆ 'ಉಪ್ಪು' ಅಂತ ಅಡ್ಡಹೆಸರು ಬಿತ್ತು.

ಈಗ ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರಾದರೆ ಹಾರಿಸಿ ಓದಿ. ನಾನು ಹೇಳಿದ್ದು ಸುಳ್ಳಲ್ಲ. ಸ್ಟಾಫ್ ರೂಮಲ್ಲಿ ವಿಜ್ಞಾನದ ಮೇಷ್ಟ್ರನ್ನೂ ಕೇಳಿದ್ದೆ. ಅಡುಗೆ ಉಪ್ಪು ಆವಿಯಾಗಿ ಗಾಳಿಗೆ ಸೇರಲ್ಲ, ಹಾಗಾಗಿ ಬರೀ ಉಪ್ಪಿಗೆ ವಾಸನೆ ಇಲ್ಲ ಅಂತ ಅವರೂ ಹೇಳಿದರು. ಪುಸ್ತಕದ ಪ್ರಕಾರ ನಾನು ಸರಿ. ಆದರೆ ಹುಡುಗ ಬರೆದದ್ದು ಉಪ್ಪಿನ ಬಗ್ಗೆ ಅಲ್ಲ, ಅಪ್ಪನ ಬಗ್ಗೆ. ಬೆವರು, ಹೊಗೆ, ಕಾದ ಮರಳು, ಅಕ್ಕಿ ಎಲ್ಲಾ ಸೇರಿ ಮೂಗಿಗೆ ಬಂದ ಒಂದು ಸಂಗತಿಗೆ ಅವನು ಹೆಸರು ಹುಡುಕಿದ್ದ. ಅದೂ ಮನೆಯಲ್ಲಿ ಆಡದ ಒಂದು ಭಾಷೆಯಲ್ಲಿ. ಸಿಕ್ಕ ಹೆಸರು ಉಪ್ಪು. ಚಾರ್ಟ್ ಇಲ್ಲದಿದ್ದರೆ ಆ ಸಾಲು ಓದಿ ನಾನು ಸುಮ್ನೆ ಒಂದು ನಿಮಿಷ ಕೂತಿರುತ್ತಿದ್ದೆ. ಚಾರ್ಟ್ ಇದ್ದದ್ದರಿಂದ ಕಾಲಂ ನೋಡಿದೆ. ಬರೆದವನನ್ನೂ ನೋಡಲಿಲ್ಲ, ಬರೆದದ್ದನ್ನೂ ನೋಡಲಿಲ್ಲ.

ಇನ್ನೊಂದು ವಿಷಯ. ನಾನು ಕನ್ನಡ ಮೇಷ್ಟ್ರು, ನನಗಾದರೂ ಹೊಳೆಯಬೇಕಿತ್ತು. ನಮ್ಮ ಭಾಷೆ ಯಾವತ್ತಾದರೂ ಕಾಲಂ ಲೆಕ್ಕ ಇಟ್ಟಿದೆಯಾ? ಸುದ್ದಿ ಕಿವಿಗೆ ಬೀಳೋದು, ನಾವು 'ಸಿಹಿ ಸುದ್ದಿ' ಅಂತೀವಿ. ಮಾತಿಗೆ ಖಾರ ಹಚ್ತೀವಿ. ರುಚಿ 'ನೋಡು', ಮೂಸಿ 'ನೋಡು', ಮುಟ್ಟಿ 'ನೋಡು', ಕೇಳಿ 'ನೋಡು' ಅಂತೀವಿ. ಕನ್ನಡದಲ್ಲಿ ಮೂಗೂ ನೋಡುತ್ತೆ, ನಾಲಿಗೆಯೂ ನೋಡುತ್ತೆ. ಇಂಥ ಭಾಷೆಯನ್ನು ಬಾಯಲ್ಲಿಟ್ಟುಕೊಂಡು ನಾನು ಒಬ್ಬ ಹುಡುಗನ ಮೂಗಿನ ಪದವನ್ನು ನಾಲಿಗೆಗೆ ವರ್ಗಾವಣೆ ಮಾಡಿದೆ.

ನಷ್ಟ ಏನಾಯ್ತು ಅಂದರೆ, ಅವನು ಬರೆಯೋದು ಬಿಡಲಿಲ್ಲ, ಬಿಟ್ಟಿದ್ದರೆ ನನಗೆ ಗೊತ್ತಾದರೂ ಆಗ್ತಿತ್ತು. ಚೆನ್ನಾಗಿ ಬರೆಯೋಕೆ ಶುರು ಮಾಡಿದ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ, ಮಧ್ಯೆ ಐದು ಇಂದ್ರಿಯ, ಎಲ್ಲಾ ಗೈಡಿನ ಭಾಷೆ. ಹತ್ತಕ್ಕೆ ಹತ್ತು. ನಾನು ಬೆನ್ನು ತಟ್ಟಿದೆ ಬೇರೆ. ಹತ್ತನೇ ಕ್ಲಾಸಲ್ಲಿ ಪ್ರತಿಭಾ ಕಾರಂಜಿಗೆ ಒಂದು ಕಥೆ ಹೇಳೋ ಅಂದರೆ, "ನಂಗೆ ಅವೆಲ್ಲ ಬರಲ್ಲ ಸಾರ್" ಅಂದ. ಅವನೊಬ್ಬನೇ ಅಲ್ಲ, ಇಡೀ ಕ್ಲಾಸು ಬರೆಯುವ ಮುಂಚೆ "ಸಾರ್ ಇದು ಯಾವ ಕಾಲಂ?" ಅಂತ ಕೇಳೋಕೆ ಕಲಿಯಿತು.

ಇದೆಲ್ಲ ತಪ್ಪು ಅಂತ ನನಗೆ ಗೊತ್ತಾಗಿದ್ದು 2020ರಲ್ಲಿ. ಕೊರೊನಾಕ್ಕೆ ಶಾಲೆ ಮುಚ್ಚಿತ್ತು. ವಿದ್ಯಾಗಮ ಅಂತ ಮಕ್ಕಳಿದ್ದ ಕಡೆಗೇ ಹೋಗಿ, ಜಗಲಿ, ಗುಡಿ, ಮರದ ಕೆಳಗೆ ಪಾಠ ಮಾಡುತ್ತಿದ್ದೆವು. ನನಗೆ ಬಂದದ್ದು ಭಟ್ಟಿಗಳ ಏರಿಯಾ. ಹುಡುಗ ಅಷ್ಟೊತ್ತಿಗೆ ಎಸ್ಸೆಸ್ಸೆಲ್ಸಿ ಮುಗಿಸಿದ್ದ. ಅವರಪ್ಪ ಸಿಕ್ಕರು, ಬನ್ನಿ ಮೇಷ್ಟ್ರೇ ಟೀ ಕುಡೀರಿ ಅಂತ ಒಳಗೆ ಕರೆದರು. ಇಷ್ಟು ವರ್ಷ ಇದೇ ಊರಲ್ಲಿ ಮಂಡಕ್ಕಿ ತಿಂದಿದ್ದೇನೆ, ಭಟ್ಟಿಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಒಲೆಗೆ ಭತ್ತದ ಹೊಟ್ಟು. ಬಾಣಲೆಯಲ್ಲಿ ಮರಳು ಕಾದು ಕಪ್ಪಗಾಗಿತ್ತು. ಉಪ್ಪುನೀರು ಹಿಡಿಸಿದ ಅಕ್ಕಿಯನ್ನು ಅದಕ್ಕೆ ಸುರಿದು ಕೈಯಾಡಿಸುವಷ್ಟರಲ್ಲಿ ಬೆಳ್ಳಗೆ ಅರಳಿ ಎದ್ದು ಬರುತ್ತೆ. ಜರಡಿ ಹಿಡಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಸದ್ದು ಚಟಪಟ ಅಂತ ನಾವು ಪುಸ್ತಕದಲ್ಲಿ ಬರೆಯೋ ಹಾಗಲ್ಲ, ತಗಡಿನ ಮೇಲೆ ದೊಡ್ಡ ಮಳೆ ಒಂದೇ ಸಲ ಬಂದು ಒಂದೇ ಸಲ ನಿಂತ ಹಾಗೆ. ಅಕ್ಕಿ ಬಿದ್ದ ಆ ಗಳಿಗೆಯಲ್ಲಿ ಮುಖಕ್ಕೆ ಒಂದು ಬಿಸಿ ಗಾಳಿ ಹೊಡೆಯಿತು. ಏನು ಅದು? ಮೂಗಿಗೋ ಗಂಟಲಿಗೋ ಗೊತ್ತಾಗಲಿಲ್ಲ. ಉಪ್ಪು ಅಂತಲೇ ಬಾಯಿಗೆ ಬಂತು.

ಅವರಪ್ಪನನ್ನು ಕೇಳಿದೆ, ಉಪ್ಪು ಹದ ಹೇಗೆ ಗೊತ್ತಾಗುತ್ತೆ, ತಿಂದು ನೋಡ್ತೀರಾ? "ಎಷ್ಟಂತ ತಿಂತೀರಿ ಸಾರ್, ವಾಸ್ನೆಗೇ ಗೊತ್ತಾಗತೈತಿ" ಅಂದರು.

ಟೀ ಕುಡಿದು ಬಂದೆ. ಏನೂ ಹೇಳಲಿಲ್ಲ ಅವರಿಗೆ. ಹೇಳಬೇಕಿತ್ತು.

ಈಗ ನಿಮ್ಮ ಪ್ರಶ್ನೆಗೆ. ಮಕ್ಕಳಿಗೆ ಇಂದ್ರಿಯದ ವಿವರ ಬರಲ್ಲ, ಪದ ಸಾಲಲ್ಲ, ಅದನ್ನು ನಾವು ಕೊಡಬೇಕು ಅನ್ನೋದೇ ನಿಮ್ಮ ಪ್ರಶ್ನೆಯ ತಳ. ನಾನು ಒಪ್ಪಲ್ಲ. ಅವರಲ್ಲಿ ಇದೆ. ನಿಮ್ಮ ಕ್ಲಾಸಿನ ಮಕ್ಕಳು ಬಿಸಿಯೂಟದ ಸಾಲಲ್ಲಿ ನಿಂತಾಗ ಏನು ಮಾತಾಡ್ತಾರೆ, ಹೋಗಿ ಕೇಳಿ. ಸಾಂಬಾರು ಸೀದಿದೆ, ಅನ್ನ ಮುಗ್ಗಲು ವಾಸನೆ, ತಟ್ಟೆ ಜಿಗುಟು. ಒಂದು ವಾಕ್ಯದಲ್ಲಿ ಮೂರು ಇಂದ್ರಿಯ, ಚಾರ್ಟ್ ಇಲ್ಲದೆ. ಅದೇ ಮಗು ಪೆನ್ನು ಹಿಡಿದರೆ 'ಸುಂದರವಾಗಿತ್ತು'. ಯಾಕೆ? ಘಾಟು, ಕಮಟು, ಮುಗ್ಗಲು, ಜಿಗುಟು ಇವೆಲ್ಲ ನೋಟ್‌ಬುಕ್ಕಿಗೆ ಬರುವ ಪದಗಳಲ್ಲ ಅಂತ ನಾವೇ ಒಂದನೇ ಕ್ಲಾಸಿಂದ ಹೇಳಿಕೊಟ್ಟಿದ್ದೀವಿ. ಪ್ರಬಂಧ ಅಂದರೆ ಒಳ್ಳೆಯ ವಾಸನೆ ಮಾತ್ರ ಬರಬೇಕು. ಅದಕ್ಕೇ ನಮ್ಮ ಪಟ್ಟಿಗಳಲ್ಲಿ ಕಂಪು ಇರುತ್ತೆ, ನಾತ ಇರಲ್ಲ.

ನಾನು ಈಗ ಮಾಡೋದು ತುಂಬಾ ಕಡಿಮೆ. ಒಂದು ಬಟ್ಟೆ ಚೀಲದಲ್ಲಿ ಏನಾದರೂ ತರುತ್ತೇನೆ: ಬೀಜ ಬಿಡಿಸದ ಹತ್ತಿ, ಹಳೇ ಹುಣಸೆಹಣ್ಣು, ಮಳೆಯಲ್ಲಿ ನೆಂದ ಗೋಣಿ ತುಂಡು, ಮೆಕ್ಕೆಜೋಳದ ಸಿಪ್ಪೆ. ಕಣ್ಣು ಮುಚ್ಚಿ ಮೂಸಬೇಕು ಇಲ್ಲಾ ಮುಟ್ಟಬೇಕು. ಏನು ಅಂತ ಹೇಳಬಾರದು, ಯಾರು ನೆನಪಾದರು ಅಂತ ಹೇಳಬೇಕು. ಹೇಳಿದ್ದನ್ನೇ ಬರೆಯಬೇಕು, ಹೇಳಿದ ಹಾಗೇ. ಪದ ಸಿಗದಿದ್ದರೆ ಮನೆಯ ಪದ, ಉರ್ದುವೋ ಲಂಬಾಣಿಯೋ ತೆಲುಗೋ, ಕನ್ನಡ ಲಿಪಿಯಲ್ಲಿ ಬರೆಯಲಿ. ಹೋಲಿಕೆ ಬೇಕು ಅಂದರೆ ಮನೆಯಿಂದ ಶಾಲೆಯ ದಾರಿಯಲ್ಲಿ ಸಿಗುವ ವಸ್ತುವಿನದೇ ಆಗಬೇಕು, ನಮ್ಮ ಮಕ್ಕಳಲ್ಲಿ ಎಷ್ಟು ಜನ ಜೇನುಗೂಡು ನೋಡಿದ್ದಾರೆ? ಐದು ಇಂದ್ರಿಯ ಬೇಡ. ಒಂದು ಬರಹಕ್ಕೆ ಒಂದು ಸಾಕು. ಐದೂ ತುರುಕಿದ ಬರಹ ಕಿರಾಣಿ ಅಂಗಡಿ ಚೀಟಿ ಥರ ಇರುತ್ತೆ.

ಚಿತ್ರದುರ್ಗದ ಕೋಟೆಗೆ ಪ್ರವಾಸ ಕರಕೊಂಡು ಹೋಗ್ತೀರಲ್ಲ, ಎಲ್ಲರೂ ಹೋಗ್ತಾರೆ. ಬಂದ ಮೇಲೆ ಪ್ರವಾಸ ಕಥನ ಬರೆಸಿದರೆ ಏಳು ಸುತ್ತಿನ ಕೋಟೆ, ಮದಕರಿ ನಾಯಕ, ಒನಕೆ, ಹೈದರಾಲಿ, ಎಲ್ಲಾ ಪಾಠದ್ದೇ. ಕಳೆದ ಸಲ ನಾನು ಒಂದೇ ಕೇಳಿದೆ: ಓಬವ್ವನ ಕಿಂಡಿಯಲ್ಲಿ ನುಸುಳುವಾಗ ನಿಮ್ಮ ಮೈ ಏನು ಮಾಡ್ತು? ಒಬ್ಬಳು ಬರೆದಳು: 'ಹೊಟ್ಟೆ ಒಳಗೆ ಎಳಕೊಂಡೆ. ಬೆನ್ನಿಗೆ ಕಲ್ಲು ತಣ್ಣಗೆ ಹತ್ತಿತು. ಹಿಂದಿನಿಂದ ಗೆಳತಿ ತಳ್ಳಿದಳು, ಒನಕೆ ನೆನಪಾಗಿ ತಲೆ ಮುಟ್ಟಿಕೊಂಡೆ.' ಇದಕ್ಕೆ ಯಾವ ಕಾಲಂ ಹಾಕ್ತೀರಿ ಹೇಳಿ.

ಅಂಕದ ಚಿಂತೆ ನಿಮಗಿದೆ ಅಂತ ಗೊತ್ತು. ಪರೀಕ್ಷೆಯ ಪ್ರಬಂಧಕ್ಕೆ ಪೀಠಿಕೆ, ಉಪಸಂಹಾರ ಬೇಕೇ ಬೇಕು, ಅದನ್ನು ಜನವರಿಯಿಂದ ಬೇರೆಯಾಗಿ ಮಾಡಿಸಿ, ಎರಡು ತಿಂಗಳು ಸಾಕು. ಎರಡನ್ನೂ ಒಂದೇ ಪಿರಿಯಡ್‌ನಲ್ಲಿ ಬೆರೆಸಬೇಡಿ. ಚೀಲ ತಂದ ದಿನದ ಬರಹಕ್ಕೆ ಅಂಕ ಕೊಡಬೇಡಿ, ಕೆಂಪು ಪೆನ್ನನ್ನು ಸ್ಟಾಫ್ ರೂಮಲ್ಲೇ ಬಿಟ್ಟು ಬನ್ನಿ. ಕಾಗುಣಿತ ತಪ್ಪಿದ್ದರೆ ಇರಲಿ, ಮುಂದಿನ ವಾರ ತಿದ್ದಬಹುದು. ಹೆಡ್ ಮೇಷ್ಟ್ರು ಕೇಳಿದರೆ ಚಟುವಟಿಕೆ ಅಂತ ಹೇಳಿ, ಆ ಪದಕ್ಕೆ ಎಲ್ಲರೂ ಸುಮ್ಮನಾಗುತ್ತಾರೆ.

ಆ ಚಾರ್ಟ್ ಇನ್ನೂ ನಮ್ಮ ಶಾಲೆಯಲ್ಲೇ ಇದೆ. ಹಾಳೆ ಗಟ್ಟಿ ಇತ್ತು, ಬಿಸಾಕೋಕೆ ಮನಸ್ಸಾಗಲಿಲ್ಲ. ಹಿಂಬದಿಯ ಬಿಳಿ ಕಡೆ ಬಿಸಿಯೂಟದ ವಾರದ ಪಟ್ಟಿ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿದ್ದೀವಿ. ಬೇಕಾದರೆ ಅದರ ಫೋಟೋ ಕಳಿಸ್ತೀನಿ.