ಅಲಿ ಯುದ್ಧಕ್ಕೆ ಹೋಗ್ಬೇಕಿತ್ತಾ? ಒಬ್ಬ ಮಾಜಿ ಸೈನಿಕರ ಪತ್ರಕ್ಕೆ ಸಂಪಾದಕರ ಉತ್ತರ

ಹೋದ ಸಂಚಿಕೆಯಲ್ಲಿ ವಿಯೆಟ್ನಾಂ ಯುದ್ಧಕ್ಕೆ ಹೋಗಲ್ಲ ಅಂದ ಅಮೆರಿಕಾದ ಬಾಕ್ಸಿಂಗ್ ಚಾಂಪಿಯನ್ ಮೊಹಮ್ಮದ್ ಅಲಿ ಬಗ್ಗೆ ಬಂದ ಲೇಖನ ಓದಿ ಮಡಿಕೇರಿಯಿಂದ ಒಬ್ಬ ನಿವೃತ್ತ ಸುಬೇದಾರರು ಉದ್ದದ ಪತ್ರ ಬರ್ದಿದಾರೆ. ಸಿಟ್ಟಲ್ಲೇ ಬರ್ದಿದಾರೆ. ಸಾರಾಂಶ ಇಷ್ಟು: ನಾನು ಸೈನ್ಯಕ್ಕೆ ಹೋದೋನು, ದೇಶ ಕರೆದಾಗ ಜೀವಭಯಕ್ಕೆ ಧರ್ಮದ ನೆಪ ಹೇಳಿ ಜಾರಿಕೊಂಡವನನ್ನ ಯಾಕೆ ಹೀರೋ ಮಾಡ್ತೀರಿ, ದುಡ್ಡಿಗೋಸ್ಕರ ಇನ್ನೊಬ್ಬನ ಮೂತಿ ಒಡೆಯೋನಿಗೆ ಅಹಿಂಸೆ ಎಲ್ಲಿಂದ ಬಂತು, ಅವನ ಹಿಂದಿನ ಚಾಂಪಿಯನ್ ಜೋ ಲೂಯಿಸ್ ಸೈನ್ಯ ಸೇರಲಿಲ್ವಾ, ಅಲಿ ಬದಲಿಗೆ ವಿಯೆಟ್ನಾಂಗೆ ಹೋದ ಬಡವನ ಮಗನ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಸಾಲಾದ್ರೂ ಇದ್ಯಾ?

ಸುಬೇದಾರ್ ಸರ್, ಕೊನೇ ಪ್ರಶ್ನೆಗೆ ಆಮೇಲೆ ಬರ್ತೀನಿ, ಅದೇ ನಿಜವಾಗ್ಲೂ ಕಷ್ಟದ್ದು. ಮೊದಲು ಈ 'ಜಾರಿಕೊಂಡ' ಅನ್ನೋದು.

ಆ ಕಾಲದ ಅಮೆರಿಕಾದಲ್ಲಿ ಕರೆ ಬಂದ್ರೆ ಸೇನೆ ಸೇರೋದು ಕಡ್ಡಾಯ, ಆದ್ರೆ ಜಾರಿಕೊಳ್ಳೋಕೆ ಬೇಕಾದಷ್ಟು ದಾರಿ ಇತ್ತು ಸರ್. ಕಾಲೇಜಿಗೆ ಸೇರಿದ್ರೆ ವಿನಾಯಿತಿ, ಪರಿಚಯ ಇದ್ರೆ ನ್ಯಾಷನಲ್ ಗಾರ್ಡ್ ಅನ್ನೋ ಅರೆಕಾಲಿಕ ಮೀಸಲು ಪಡೆಯಲ್ಲಿ ಜಾಗ (ಎಷ್ಟೋ ಫುಟ್‌ಬಾಲ್ ಆಟಗಾರರು ಹಂಗೇ ಉಳ್ಕೊಂಡ್ರು), ಏನೂ ಇಲ್ಲ ಅಂದ್ರೆ ಕೆನಡಾ ಗಡಿ. ಅಲಿ ಇದ್ಯಾವುದನ್ನೂ ಮಾಡ್ಲಿಲ್ಲ. 1967ರ ಏಪ್ರಿಲ್ 28ಕ್ಕೆ ಹೂಸ್ಟನ್‌ನ ಸೇನಾ ಭರ್ತಿ ಕೇಂದ್ರಕ್ಕೆ ತಾನೇ ಹೋದ, ಸಾಲಲ್ಲಿ ನಿಂತ, ಕ್ಯಾಸಿಯಸ್ ಕ್ಲೇ ಅಂತ ಮುಸ್ಲಿಂ ಆಗೋ ಮೊದಲಿನ ಹಳೇ ಹೆಸರು ಕೂಗಿದಾಗ ಹೆಜ್ಜೆ ಮುಂದಿಡಲಿಲ್ಲ (ಮುಂದಿಟ್ರೆ ಸೇನೆ ಸೇರಿದ ಹಾಗೆ). ಇದು ಅಪರಾಧ, ಐದು ವರ್ಷ ಜೈಲು ಹತ್ತು ಸಾವಿರ ಡಾಲರ್ ದಂಡ ಅಂತ ಅಧಿಕಾರಿ ಬಿಡಿಸಿ ಹೇಳಿ ಮತ್ತೆ ಕೂಗಿದ್ರು, ಆಗ್ಲೂ ಅಲ್ಲಾಡ್ಲಿಲ್ಲ. ಅವತ್ತೇ ನ್ಯೂಯಾರ್ಕಿನ ಬಾಕ್ಸಿಂಗ್ ಕಮಿಷನ್ ಲೈಸೆನ್ಸ್ ಅಮಾನತು ಮಾಡ್ತು, ಚಾಂಪಿಯನ್ ಪಟ್ಟನೂ ಕಿತ್ಕೊಂಡ್ರು. ಜೂನ್‌ನಲ್ಲಿ ಜ್ಯೂರಿ 21 ನಿಮಿಷದಲ್ಲಿ ತಪ್ಪಿತಸ್ಥ ಅಂತು, ಜಡ್ಜ್ ಪೂರ್ತಿ ಐದು ವರ್ಷ ಹಾಕಿದ್ರು, ಪಾಸ್‌ಪೋರ್ಟೂ ಹೋಯ್ತು, ಅಂದ್ರೆ ಹೊರದೇಶಕ್ಕೆ ಹೋಗಿ ಆಡೋ ದಾರಿನೂ ಬಂದ್. ಅಪೀಲು ನಡೀತಿತ್ತು ಅಂತ ಜಾಮೀನಿನ ಮೇಲೆ ಹೊರಗಿದ್ದ ಅಷ್ಟೇ. 1970ರ ಅಕ್ಟೋಬರ್‌ನಲ್ಲಿ ಅಟ್ಲಾಂಟಾದಲ್ಲಿ ಜೆರ್ರಿ ಕ್ವಾರಿ ಜೊತೆ ಆಡೋವರೆಗೂ ರಿಂಗಿಗೆ ಇಳೀಲಿಲ್ಲ. ಒಬ್ಬ ಬಾಕ್ಸರಿಗೆ 25ರಿಂದ 28ರವರೆಗಿನ ವಯಸ್ಸು ಅಂದ್ರೆ ಏನು ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ.

ಜೋ ಲೂಯಿಸ್ ವಿಷಯ. ಹೌದು, ಎರಡನೇ ಮಹಾಯುದ್ಧದಲ್ಲಿ ಸೇರಿದ್ರು, ದೊಡ್ಡ ಮನುಷ್ಯ. ಆದ್ರೆ ಅವರು ಬಂದೂಕು ಹಿಡಿದು ಮುಂಚೂಣಿಗೆ ಹೋಗ್ಲಿಲ್ಲ ಸರ್, ಸೈನಿಕರ ಮುಂದೆ ಪ್ರದರ್ಶನ ಪಂದ್ಯ ಆಡಿದ್ರು. ಅಲಿಗೂ ಬಹುಶಃ ಅದೇ ಆಗ್ತಿತ್ತು, ಯೂನಿಫಾರ್ಮ್ ಹಾಕ್ಕೊಂಡು ನಾಲ್ಕು ಫೋಟೋ ತೆಗೆಸ್ಕೊಂಡಿದ್ರೆ ಪಟ್ಟ, ದುಡ್ಡು ಎರಡೂ ಉಳೀತಿತ್ತು. ಜೀವಭಯಕ್ಕೆ ಹೋಗ್ಲಿಲ್ಲ ಅನ್ನೋ ನಿಮ್ಮ ಮಾತು ಅಲ್ಲೇ ಬಿದ್ದು ಹೋಗುತ್ತೆ. ಅಂದಹಾಗೆ ಲೂಯಿಸ್ 1942ರಲ್ಲಿ ಪಂದ್ಯದ ದುಡ್ಡನ್ನ ಸೇನೆ, ನೌಕಾಪಡೆಯ ಪರಿಹಾರ ನಿಧಿಗೆ ಕೊಟ್ಟೋರು, ಅವರನ್ನೇ ಮುಂದೆ ತೆರಿಗೆ ಇಲಾಖೆ ವರ್ಷಗಟ್ಟಲೆ ಬಾಕಿ ಬಾಕಿ ಅಂತ ಕಾಡ್ತು.

ಇನ್ನು ಬಾಕ್ಸರ್‌ಗೆ ಅಹಿಂಸೆ ಎಲ್ಲಿಂದ ಅಂತ. ಇಲ್ಲಿ ನಿಮ್ಮ ಮಾತಲ್ಲಿ ಹುರುಳಿದೆ, ಆದ್ರೆ ನೀವು ಹೇಳಿದ ಕಾರಣಕ್ಕಲ್ಲ. ರಿಂಗಿಗೆ ಇಬ್ರೂ ಒಪ್ಕೊಂಡೇ ಇಳಿಯೋದು, ಅದನ್ನ ಯುದ್ಧಕ್ಕೆ ಹೋಲಿಸೋಕಾಗಲ್ಲ. ನಿಜವಾದ ತೊಡಕು ಬೇರೆ. ನಂಬಿಕೆಯ ಕಾರಣಕ್ಕೆ ಸೇನೆಯಿಂದ ವಿನಾಯಿತಿ ಬೇಕಂದ್ರೆ ಅಮೆರಿಕಾದ ಕಾನೂನು ಮೂರು ಕೇಳ್ತಿತ್ತು: ನಂಬಿಕೆ ಪ್ರಾಮಾಣಿಕ ಆಗಿರ್ಬೇಕು, ಧರ್ಮದಿಂದ ಬಂದಿರ್ಬೇಕು, ಮತ್ತೆ ಎಲ್ಲಾ ಯುದ್ಧಕ್ಕೂ ವಿರೋಧ ಇರ್ಬೇಕು. ಪ್ರಾಮಾಣಿಕತೆ ಬಗ್ಗೆ ವಿಚಾರಣೆ ಮಾಡಿದ ಕೆಂಟಕಿಯ ನಿವೃತ್ತ ನ್ಯಾಯಾಧೀಶರು, ಲಾರೆನ್ಸ್ ಗ್ರಾಮನ್ ಅಂತ, ಈ ಹುಡುಗ ನಿಜವೇ ಹೇಳ್ತಿದಾನೆ ಅಂತ ವರದಿ ಕೊಟ್ರು, ಆದ್ರೂ ನ್ಯಾಯ ಇಲಾಖೆ ಒಪ್ಪಲಿಲ್ಲ. ಮೂರನೇದ್ರಲ್ಲೇ ಅಲಿ ಎಡವ್ತಿದ್ದಿದ್ದು, ಯಾಕಂದ್ರೆ ಅಲ್ಲಾಹು ಕರೆದ ಯುದ್ಧ ಆದ್ರೆ ಬೇರೆ ಮಾತು ಅಂತ ಅವನೇ ಹೇಳ್ತಿದ್ದ. 1971ರಲ್ಲಿ ಸುಪ್ರೀಂ ಕೋರ್ಟು 8-0 ಅಂತರದಲ್ಲಿ ಶಿಕ್ಷೆ ರದ್ದು ಮಾಡ್ತಲ್ಲ, ಅಭಿಮಾನಿಗಳು ಅದನ್ನೇ ದೊಡ್ಡ ಸಾಕ್ಷಿ ಅಂತಾರೆ, ನಾನು ಅನ್ನಲ್ಲ. ಒಳಗೆ ಮೊದಲು 5-3ರಲ್ಲಿ ಜೈಲಿಗೆ ಹೋಗ್ಲಿ ಅಂತಾನೇ ಇತ್ತು, ಜಸ್ಟಿಸ್ ಹಾರ್ಲನ್ ಮನಸ್ಸು ಬದಲಾಯಿಸಿದ್ರು, ಕಡೆಗೆ ಸೇನಾ ಭರ್ತಿಯ ಅಪೀಲು ಮಂಡಳಿ ಯಾವ ಕಾರಣಕ್ಕೆ ಅರ್ಜಿ ತಿರಸ್ಕರಿಸ್ತು ಅಂತ ಹೇಳೇ ಇಲ್ಲ ಅನ್ನೋ ತಾಂತ್ರಿಕ ದಾರಿ ಹಿಡಿದು ಬಿಟ್ರು. ಅಲಿ ಸರಿ ಅಂತ ಕೋರ್ಟು ಎಲ್ಲೂ ಹೇಳಿಲ್ಲ.

ಆದ್ರೂ ಅವನು ಮಾಡಿದ್ದು ಸರಿ ಅಂತ ನಾನಂತೀನಿ. ಕೋರ್ಟು ಏನು ಹೇಳುತ್ತೆ ಅಂತ ಗೊತ್ತಿಲ್ದಾಗ, ಜೈಲೇ ಗ್ಯಾರಂಟಿ ಅನ್ಸಿದಾಗ, ಮುಖದ ಮೇಲೇ ಬರಲ್ಲ ಅಂದ, ಅದರ ಬೆಲೆನೂ ಅಲ್ಲೇ ಕಟ್ಟಿದ. ರೋಮ್ ಒಲಿಂಪಿಕ್ಸಿಂದ ಚಿನ್ನ ತಂದಾಗ ಅವನ ಊರು ಲೂಯಿವಿಲ್‌ನಲ್ಲಿ ಕರಿಯರನ್ನ ಎಷ್ಟೋ ಹೋಟೆಲ್ ಒಳಗೇ ಬಿಡ್ತಿರ್ಲಿಲ್ಲ, ಅಂಥ ದೇಶ ಯಾರದೋ ಸ್ವಾತಂತ್ರ್ಯಕ್ಕೆ ಹೋಗಿ ಹೊಡೆದಾಡು ಅಂದಾಗ ಎದುರು ಪ್ರಶ್ನೆ ಕೇಳೋ ಹಕ್ಕು ಅವನಿಗಿತ್ತು.

ಈಗ ಆ ಬಡವನ ಮಗ. ಕಡ್ಡಾಯ ಭರ್ತಿ ಮಾಡೋ ಡ್ರಾಫ್ಟ್ ಬೋರ್ಡಿಗೆ ಇಷ್ಟು ಜನ ಅಂತ ಕೋಟಾ ಇರ್ತಿತ್ತು, ಒಬ್ಬ ಬರದೇ ಇದ್ರೆ ಇನ್ನೊಬ್ಬ ಹೋಗ್ಲೇಬೇಕು. ಇದಕ್ಕೆ ನನ್ನ ಹತ್ರ ಸಮಾಧಾನ ಆಗೋ ಉತ್ತರ ಇಲ್ಲ ಸರ್. ಆದ್ರೆ ಆ ಲೆಕ್ಕ ಬರೆದೋರು ಯಾರು? ಇದೇ ಅಲಿ 1964ರಲ್ಲಿ ಸೇನೆಯ ಬುದ್ಧಿಪರೀಕ್ಷೆ ಫೇಲಾಗಿದ್ದ. ಯುದ್ಧಕ್ಕೆ ಜನ ಸಾಲದೆ ಬಂದಾಗ 1966ರಲ್ಲಿ ಪಾಸ್ ಮಾರ್ಕನ್ನೇ ಇಳಿಸಿದ್ರು, ಅವನು ರಾತ್ರೋರಾತ್ರಿ ಅರ್ಹ ಆಗ್ಬಿಟ್ಟ. ಅದೇ ಬಲೆಗೆ ಬಿದ್ದೋರು ಓದಿಲ್ಲದ ಬಡ ಹುಡುಗರು, ಕಾಲೇಜು ಹುಡುಗರು ಮನೇಲೇ ಇದ್ರು. ನೀವು ನಿಮ್ಮನ್ನ ಅಲಿ ಪಕ್ಕ ನಿಲ್ಲಿಸಿ ನೋಡ್ತಿದೀರಿ, ಅದೂ ಸರಿ ಹೋಗಲ್ಲ. ನಮ್ಮಲ್ಲಿ ಕಡ್ಡಾಯ ಅನ್ನೋದಿಲ್ಲ, ನೀವು ಇಷ್ಟಪಟ್ಟು ಸೇರಿದೋರು, ಅದಕ್ಕೇ ನಿಮ್ಮ ಮೇಲೆ ಅಷ್ಟು ಗೌರವ.

ಅವನು ದೇವರೇನಲ್ಲ. ಎದುರಾಳಿ ಬಾಕ್ಸರ್, ತನ್ನ ಹಾಗೇ ಕರಿಯನಾದ ಜೋ ಫ್ರೇಜಿಯರ್‌ಗೆ ಬಿಳಿಯರ ಬಾಲಬಡುಕ ಅಂತೆಲ್ಲ ಅಂದಿದ್ದು ನೀಚತನ, ಅದನ್ನ ಸಮರ್ಥಿಸೋಕೆ ನಾನು ಬರಲ್ಲ.

ಕೊನೇಲಿ ಒಂದು ಸಾಲು ಸೇರಿಸಿದೀರಿ, 1980ರಲ್ಲಿ ಅದೇ ಸರ್ಕಾರದ ಚಾಕರಿ ಯಾಕೆ ಮಾಡ್ದ ಅಂತ. ಇದಂತೂ ಪೂರ್ತಿ ಒಪ್ದೆ. ಭಾರತಕ್ಕೆ ಬಂದಿದ್ದೋನು, ಅಮೆರಿಕಾದ ಅಧ್ಯಕ್ಷ ಕಾರ್ಟರ್ ಹೇಳಿದ್ರು ಅಂತ ಮಾಸ್ಕೋ ಒಲಿಂಪಿಕ್ಸ್ ಬಹಿಷ್ಕರಿಸಿ ಅಂತ ಹೇಳೋಕೆ ಇಲ್ಲಿಂದಲೇ ಆಫ್ರಿಕಾಗೆ ಹಾರಿದ, ಟಾಂಜಾನಿಯಾದಲ್ಲಿ ಅಧ್ಯಕ್ಷ ನ್ಯೆರೇರೆ ಭೇಟಿಯನ್ನೇ ಕೊಡ್ಲಿಲ್ಲ, ಪತ್ರಕರ್ತರ ಮುಂದೆ ತಡಬಡಾಯಿಸಿದ. 1967ರಲ್ಲಿ ಅಷ್ಟು ಯೋಚಿಸಿ ನಿಂತೋನು ಇಲ್ಲಿ ಎರಡು ದಿನ ಕೂತು ಓದ್ಕೊಂಡೂ ಹೋಗಿರ್ಲಿಲ್ಲ.