ಗಿರಕಿ ನಿಲ್ಲಿಸಿದ ಮೇಲೆ ತಲೆ ತಿರುಗುವುದಕ್ಕೆ

ಶಿರಸಿಯಲ್ಲಿ ಯಕ್ಷಗಾನ ಕಲಿಯುತ್ತಿರುವ ನಿಮ್ಮ ಮಗಳಿಗೆ ಗಿರಕಿ ಹೊಡೆಯುವಾಗಲ್ಲ, ನಿಂತ ಕೂಡಲೇ ಹೆಜ್ಜೆ ತಪ್ಪುತ್ತದೆ ಎಂದಿದ್ದೀರಿ. ಕಾಲನ್ನು ದೂರಬೇಡಿ, ಕಾರಣ ಒಳಕಿವಿಯಲ್ಲಿದೆ.

ಅಲ್ಲಿನ ಅರೆವೃತ್ತ ನಾಳಗಳ ದ್ರವ, ತಲೆ ತಿರುಗಲು ಶುರುವಾದಾಗ ಹಿಂದುಳಿಯುತ್ತದೆ. ಮಿದುಳಿಗೆ ಚಲನೆ ತಿಳಿಯುವುದು ಅದರಿಂದಲೇ. ಒಂದೇ ವೇಗದಲ್ಲಿ ಸುತ್ತುತ್ತಿದ್ದರೆ ದ್ರವವೂ ಜೊತೆಗೂಡಿ ಸಂಕೇತ ಮಂಕಾಗುತ್ತದೆ. ಥಟ್ಟನೆ ನಿಂತರೂ ದ್ರವ ಮುಂದಕ್ಕೆ ಸಾಗುತ್ತಲೇ ಇರುತ್ತದೆ. ಮಿದುಳು ಅದನ್ನು ಎದುರು ದಿಕ್ಕಿನ ತಿರುಗಾಟವೆಂದು ತಿಳಿದು, ಸರಿಪಡಿಸಲು ಹೋಗಿ ದೇಹವನ್ನು ಮೊದಲು ಸುತ್ತಿದ ದಿಕ್ಕಿಗೇ ವಾಲಿಸುತ್ತದೆ. ಕಣ್ಣುಗುಡ್ಡೆಯೂ ಅದುರುತ್ತದೆ, ಗಮನಿಸಿ ನೋಡಿ.

ಎದುರಿಗೆ ಕಣ್ಣಿನ ಮಟ್ಟದಲ್ಲಿ ಒಂದು ಗುರುತು ಇಡಿ. ಮೈ ತಿರುಗುತ್ತಿದ್ದರೂ ದೃಷ್ಟಿ ಆದಷ್ಟು ಹೊತ್ತು ಅಲ್ಲೇ ಇರಲಿ. ಕೊನೆಗೆ ತಲೆಯನ್ನು ಬೇಗ ತಿರುಗಿಸಿ ಮತ್ತೆ ಅದೇ ಗುರುತು ಹಿಡಿಯಲಿ. ತಲೆ ನಿಂತು ನಿಂತು ತಿರುಗುವುದರಿಂದ ದ್ರವಕ್ಕೆ ಒಂದೇ ಸಮನೆ ವೇಗ ಸಿಗುವುದಿಲ್ಲ. ಮೊದಲು ಎರಡೇ ಸುತ್ತು, ನಿಧಾನವಾಗಿ, ಕಿರೀಟವಿಲ್ಲದೆ. ಭಾರ ಹೊತ್ತು ಹೀಗೆ ಮಾಡಿದರೆ ಕುತ್ತಿಗೆ ಉಳುಕೀತು. ನೋಟ ಪೂರ್ತಿ ಸ್ಥಿರವಾದ ಮೇಲೆ ಇನ್ನೊಂದು ದಿಕ್ಕಿಗೆ. ದಿನವೂ ಸ್ವಲ್ಪ ಸ್ವಲ್ಪ ಮಾಡಿದರೆ ಮಿದುಳು ಈ ಸಂಕೇತಕ್ಕೆ ಒಗ್ಗಿಕೊಳ್ಳುತ್ತದೆ.

ನಿಂತಾಗ ಕಣ್ಣು ಮುಚ್ಚಲೇಬಾರದು. ಮಕ್ಕಳು ಮಾಡುವುದೇ ಅದು, ಆದರೆ ಕಣ್ಣಿನ ಅದುರುವಿಕೆಯನ್ನು ತಡೆಯುವುದು ಸ್ಥಿರ ನೋಟ. ಹಾಸಿಗೆಯಲ್ಲಿ ಮಗ್ಗುಲಾದಾಗಲೂ ತಲೆ ತಿರುಗಿದರೆ, ಕಿವಿ ಮಂದವಾದರೆ, ಅಭ್ಯಾಸ ನಿಲ್ಲಿಸಿ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ.